ಗೋಪೀನಾಥರಾಯರು ಮೊಲ ಸಾಕಿದ್ದು

ಎಂಜಿನಿಯರ್ ಸಾಹೇಬರು ಸಂಸಾರ ಸಮೇತ ರಜೆಯ ಮೇಲೆ ಮದ್ರಾಸಿಗೆ ಹೊರಟಿದ್ದಾರೆ, ಬಂಗಲೆಯ ಎರಡು ಬಿಳಿ ಮೊಲಗಳನ್ನು ಒಂದೂವರೆ ತಿಂಗಳು ನೋಡಿಕೊಳ್ಳುವ ಭಾಗ್ಯ ತಮ್ಮ ಪಾಲಿಗೆ ಬಂದಿದೆ ಎಂದು ಗೋಪೀನಾಥರಾಯರು ಮನೆಗೆ ಬಂದು ಹೇಳಿದಾಗ ಗಂಗಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ‘ಭಾಗ್ಯ’ ಎಂಬ ಮಾತು ಬಂದಾಗಲೆಲ್ಲ ತನ್ನ ಹೆಗಲಿಗೆ ಒಂದು ಹೊಸ ಚಾಕರಿ ಏರಿರುತ್ತದೆ ಎಂಬುದನ್ನು ಅವಳು ಕಲಿತಿದ್ದಳು.

ರಾಯರು ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಮದ್ರಾಸಿನ ಕಡೆಯಿಂದ ಮೂರು ವರ್ಷಕ್ಕೊಬ್ಬರಂತೆ ಸಾಹೇಬರು ಬರುವರು, ಹೋಗುವರು. ರಾಯರು ಇದ್ದಲ್ಲೇ ಇರುವರು. ಒಬ್ಬರಿಗೆ ಗಂಗಾಬಾಯಿ ಮೂರು ಬೇಸಿಗೆ ಸಂಡಿಗೆ ಇಟ್ಟುಕೊಟ್ಟಿದ್ದಳು. ಇನ್ನೊಬ್ಬರ ತಾಯಿಗೆ ಮಂಡಿನೋವೆಂದು ರಾಯರು ದರೋಜಿಯ ಗುಡ್ಡ ಸುತ್ತಿ ಬೇರು ಹುಡುಕಿಸಿ ತಂದಿದ್ದರು. ಸಂಡಿಗೆ ತಿಂದವರು ವರ್ಗವಾಗಿ ಹೋದರು, ಮಂಡಿನೋವಿನ ಮುದುಕಿಯೂ ಹೋದಳು. ಮ್ಯಾನೇಜರ್ ಹುದ್ದೆ ಮಾತ್ರ ಬರಲಿಲ್ಲ. ಕಂಪ್ಲಿಯಲ್ಲಿ ಗಂಗಾಬಾಯಿಯ ತಂದೆ ಪೂಜೆಗೆ ಕೂತರೆ ತಹಸೀಲ್ದಾರರು ಬಂದು ನಿಂತರೂ ಗಂಟೆ ಬಾರಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಅಂಥವರ ಮಗಳು ಇಂಥವರ ಕೈ ಹಿಡಿದು, ಮೊದಮೊದಲು ಅತ್ತು, ಆಮೇಲೆ ಸಿಟ್ಟುಮಾಡಿ, ಕೊನೆಗೆ ಎರಡನ್ನೂ ಬಿಟ್ಟು ಬರೀ ತಾತ್ಸಾರದ ಮೇಲೆ ಸಂಸಾರ ನಡೆಸುತ್ತಿದ್ದಳು. ಒಬ್ಬಳೇ ಮಗಳು ನೀರಜಾಳನ್ನು ಬಳ್ಳಾರಿಗೆ ಕೊಟ್ಟಾಗಿತ್ತು. ತಾತ್ಸಾರಕ್ಕೆ ಈಗ ಬೇಕಾದಷ್ಟು ಬಿಡುವಿತ್ತು.

ಗೂಡು ಬಂದದ್ದು ಎತ್ತಿನ ಗಾಡಿಯಲ್ಲಿ. ಜವಾನ ಕೊಟ್ರಯ್ಯ ಗಾಡಿ ಹೊಡೆಯುತ್ತಿದ್ದ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ರಾಯರು ಹಿಂದೆ ನಡೆದು ಬರುತ್ತಿದ್ದರು. ಕೈಯಲ್ಲಿದ್ದ ಕೊಡೆ ಅವರ ತಲೆಯ ಮೇಲಿರಲಿಲ್ಲ, ಗೂಡಿನ ಮೇಲಿತ್ತು. ಬೀದಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನೋಡಿದರು. ಗಂಗಾಬಾಯಿ ಒಳಗೆ ಹೋದಳು.

ಮಂಚದಷ್ಟು ಉದ್ದದ ಮರದ ಗೂಡು. ಮುಂದಕ್ಕೆ ತಂತಿಬಲೆ, ತಳಕ್ಕೆ ತಗಡು, ನಡುವೆ ಒಂದು ಹಲಗೆಯ ಅಡ್ಡಗೋಡೆ. ಒಂದು ಕಡೆ ಹೆಣ್ಣು, ಇನ್ನೊಂದು ಕಡೆ ಗಂಡು. ಸಾಹೇಬರ ಹೆಂಡತಿಯನ್ನು ಕಚೇರಿಯವರೆಲ್ಲ ಅಮ್ಮಾಳು ಎನ್ನುತ್ತಿದ್ದರು. ಅವರು ಹೊರಡುವ ಗಡಿಬಿಡಿಯಲ್ಲಿ ಹೇಳಿದ ನಾಲ್ಕು ಮಾತನ್ನು ರಾಯರು ಇಂಗ್ಲಿಷಿನಲ್ಲಿ ದುಂಡಗೆ ಬರೆದು ತಂದು ಪಡಸಾಲೆಯ ಗೋಡೆಗೆ ಅಂಟಿಸಿದರು. ಎರಡನ್ನೂ ಬೇರೆ ಬೇರೆ ಇಡತಕ್ಕದ್ದು, ದಿನಾಲು ಹಸಿ ಹುಲ್ಲು ಹಾಕತಕ್ಕದ್ದು, ದಿನಾಲು ಗೂಡು ಶುಚಿ ಮಾಡತಕ್ಕದ್ದು. ಶುಚಿ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಮರುದಿನ ಬೆಳಿಗ್ಗೆ ಕಚ್ಚೆ ಬಿಗಿದು ರಾಯರು ಹಿತ್ತಲಿಗೆ ಇಳಿದರು. ಬಂಗಲೆಯ ಮಾಲಿ ಮೊಲವನ್ನು ಕಿವಿ ಹಿಡಿದು ಎತ್ತುವುದನ್ನು ನೋಡಿದ್ದರಂತೆ. ಅಷ್ಟೇ ಅವರ ವಿದ್ಯೆ. ಗೂಡಿನ ಬಾಗಿಲು ತೆಗೆದು ಬಗ್ಗಿ, ಮೆಲ್ಲಗಿನ ದನಿಯಲ್ಲಿ, "ಬರ್ರಿ, ಸ್ವಲ್ಪ ಈ ಕಡೆ ಬರ್ರಿ" ಎಂದರು.

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಗಂಗಾಬಾಯಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ‘ಏ’ ಎಂದು ಕರೆಯುವ ಗಂಡ ಸಾಹೇಬರ ಮೊಲವನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ.

ಹೆಣ್ಣು ಮೊಲ ಮೂಲೆಗೆ ಸರಿದು ಹಿಂಗಾಲಿನಿಂದ ತಗಡನ್ನು ಧಡ್ ಎಂದು ಬಡಿಯಿತು. ರಾಯರು ಕೈ ಚಾಚಿದರು. ಅದು ಗುರ್ರೆಂದು ಮುಂಗಾಲೆತ್ತಿ ಕೈಯನ್ನು ಬಡಿದು, ಹೆಬ್ಬೆರಳಿಗೆ ಹಲ್ಲು ಹಾಕಿತು. ರಾಯರು ಕೂಗಿಕೊಂಡು ಹಿಂದೆ ಬಿದ್ದರು. ಆಮೇಲೆ ಎದ್ದು ಬಂದು, ಕಸಬರಿಗೆಯ ಹಿಡಿಯಿಂದ ಅದನ್ನು ದೂಡಿ ಅಡ್ಡಗೋಡೆ ಎತ್ತಿ ಗಂಡಿನ ಕಡೆಗೆ ಅಟ್ಟಿದರು; ಈ ಕಡೆ ತೊಳೆದರು. ಮತ್ತೆ ಎರಡನ್ನೂ ಈ ಕಡೆಗೆ ಅಟ್ಟಿ ಆ ಕಡೆ ತೊಳೆದರು. ಬಕೆಟ್ಟಿಗೆ ಫಿನಾಯಿಲ್ ಬೆರೆಸಿ ಮೂಲೆ ಮೂಲೆಗೂ ಬಿಟ್ಟರು. ಎಲ್ಲ ಮುಗಿದು ಅಡ್ಡಗೋಡೆ ಇಳಿಸುವಾಗ ಗಂಡು ಮೊಲ ತಿರುಗಿ ನಿಂತು ಅವರ ಮುಖಕ್ಕೇ ಉಚ್ಚೆ ಹಾರಿಸಿತು. ರಾಯರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಪಾಪ, ಮನೆ ನೆನಪಾಗಿದೆ ಎಂದರು.

ಒಂದು ವಾರ ದಿನಾಲು ಇದೇ ನಡೆಯಿತು. ಫಿನಾಯಿಲ್ ಎಷ್ಟು ಹೆಚ್ಚಿಸಿದರೂ ಮೊಲಗಳು ಹಾದಿಗೆ ಬರಲಿಲ್ಲ. ತೊಳೆದ ಅರ್ಧ ತಾಸಿಗೆ ನಾಲ್ಕೂ ಮೂಲೆಗೆ ಉಚ್ಚೆ ಹೊಯ್ದು, ಗೂಡಿನ ತುಂಬ ಹಿಕ್ಕೆ ಚೆಲ್ಲಿ, ಹುಲ್ಲು ಮುಟ್ಟದೆ ಕೂರುತ್ತಿದ್ದವು. ಕಸಬರಿಗೆ ಕಂಡರೆ ಸಾಕು, ಹೆಣ್ಣು ಹಾರಿ ಬರುತ್ತಿತ್ತು. ರಾಯರ ಬೆರಳುಗಳಿಗೆಲ್ಲ ಚಿಂದಿ ಸುತ್ತಿತ್ತು. ಕಚೇರಿಯಲ್ಲಿ ಏನಾಯಿತೆಂದು ಕೇಳಿದವರಿಗೆ, ಸಾಹೇಬರ ಕೆಲಸದ ಮೇಲೆ ಆದದ್ದು ಎಂದು ಹೇಳುತ್ತಿದ್ದರಂತೆ.

ಮೊಲಗಳಿಗೆ ಗರಿಕೆ ತಂದು ಹಾಕುತ್ತಿದ್ದವಳು ನಿಂಗಕ್ಕ. ಚೋರನೂರಿನ ಕಡೆಯಿಂದ ಹೊಸಪೇಟೆಗೆ ಬಂದು ನೆಲಸಿ, ಕಾಲುವೆ ದಂಡೆಯ ಹುಲ್ಲು ಕೊಯ್ದು ಮನೆ ಮನೆಗೆ ಮಾರುತ್ತಿದ್ದಳು. ಸಾಹೇಬರ ಬಂಗಲೆಯ ಹಸುವಿಗೂ ಅವಳದೇ ಹುಲ್ಲು. ಅವಳು ಹಿತ್ತಲ ಬಾಗಿಲಿನ ಹೊರಗೆ ಹೊರೆ ಇಳಿಸಿ ಹಿಂದೆ ಸರಿದು ನಿಲ್ಲಬೇಕು. ಗಂಗಾಬಾಯಿ ಅದಕ್ಕೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳಬೇಕು. ವಾರದ ಕೊನೆಯಲ್ಲಿ ಒಂದು ದಿನ ರಾಯರು ಗೂಡಿನ ಮುಂದೆ ಕುಣಿಯುತ್ತಿದ್ದುದನ್ನು ನಿಂಗಕ್ಕ ಬಾಗಿಲಾಚೆಯಿಂದ ನೋಡುತ್ತ ನಿಂತಿದ್ದಳು. ರಾಯರು ಕಚೇರಿಗೆ ಹೋದ ಮೇಲೆ ಹೇಳಿದಳು.

"ಬಾಯಾರ, ಅದು ಅದರ ಮನಿ. ನಮ್ಮ ಮನಿಯಾಗ ಯಾರರ ಬಂದು ಕೈ ಹಾಕಿದ್ರ ನಾವು ಸುಮ್ನ ಇರ್ತೀವೇನು? ಬಾಗ್ಲ ತಗದು ನೀವು ದೂರ ಹೋಗ್ರಿ. ತಾನ ಹೊರಗ ಬರ್ತೈತಿ. ಬಂದ ಮ್ಯಾಲೆ ಬಳಕೋರಿ. ಎಲ್ಲಾ ತೊಳಿಬ್ಯಾಡ್ರಿ, ಒಂದು ಹಿಡಿ ಹಳೆ ಹುಲ್ಲು ಅಲ್ಲೇ ಬಿಡ್ರಿ. ತನ್ನ ವಾಸ್ನಿ ತನಗ ಸಿಗಬೇಕು."

ಎತ್ತುವುದನ್ನೂ ಅವಳೇ ಹೇಳಿಕೊಟ್ಟಳು, ದೂರದಿಂದ, ಒಂದು ಹುಲ್ಲಿನ ಸಿವುಡನ್ನೇ ಮೊಲ ಮಾಡಿಕೊಂಡು: ಒಂದು ಅಂಗೈ ಎದೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಮೈಗೆ ಅವುಚಿಕೊಳ್ಳಬೇಕು. ಹಿಂಗಾಲು ಗಾಳಿಯಲ್ಲಿ ತೇಲಬಾರದು. ಆಧಾರ ತಪ್ಪಿದರೆ ಒದೆಯುತ್ತದೆ, ಒದ್ದು ಒದ್ದು ತನ್ನ ಬೆನ್ನು ತಾನೇ ಮುರಿದುಕೊಳ್ಳುತ್ತದೆ. ಅವಳ ಗಂಡ ಹಿಂದೆ ಕಾಡುಮೊಲ ಹಿಡಿಯುತ್ತಿದ್ದ. ಹಾಗೆ ಬೆನ್ನು ಮುರಿದುಕೊಂಡವನ್ನು ಅವಳು ಕಂಡಿದ್ದಳು.

ಗಂಗಾಬಾಯಿಗೆ ಮೊಲಗಳ ಮೇಲೆ ಮೋಹವೇನೂ ಇರಲಿಲ್ಲ. ಆದರೆ ಗಂಡ ವಾರವಿಡೀ ರಕ್ತ ಸುರಿಸಿ ಮಾಡಲಾಗದ್ದನ್ನು ಹುಲ್ಲು ಮಾರುವವಳೊಬ್ಬಳು ನಾಲ್ಕು ಮಾತಿನಲ್ಲಿ ಹೇಳಿದಳಲ್ಲ, ಅದು ನಿಜವೋ ಸುಳ್ಳೋ ನೋಡಬೇಕೆನ್ನಿಸಿತು. ಮರುದಿನ ರಾಯರು ಹೋದ ಮೇಲೆ, ತನ್ನ ಸ್ನಾನಕ್ಕೆ ಮೊದಲು, ಗೂಡಿನ ಬಾಗಿಲು ತೆಗೆದು ಎದುರಿಗೆ ಒಂದು ಹಿಡಿ ಗರಿಕೆ ಇಟ್ಟು ಪಾತ್ರೆ ತಿಕ್ಕಲು ಕೂತಳು. ಎರಡು ಪಾತ್ರೆ ಮುಗಿಯುವಷ್ಟರಲ್ಲಿ ಹೆಣ್ಣು ಮೊಲ ಮೂತಿ ಹೊರಗಿಟ್ಟಿತು. ಐದನೆಯದಕ್ಕೆ ಕೆಳಗೆ ಹಾರಿತು. ಅದು ತುಳಸಿ ಕಟ್ಟೆಯ ಸುತ್ತ ಮೂಸುತ್ತಿರುವಾಗ ಗಂಗಾಬಾಯಿ ತೆಂಗಿನ ಚಿಪ್ಪಿನಿಂದ ತಗಡು ಕೆರೆದು, ಬೂದಿ ಉದುರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಯ ಹಳೆ ಹುಲ್ಲನ್ನು ಹಾಗೇ ಬಿಟ್ಟಳು. ಫಿನಾಯಿಲ್ ಬಾಟಲಿಯನ್ನು ಬಚ್ಚಲಿನ ಅಟ್ಟಕ್ಕೆ ಎಸೆದಳು. ಸೆರಗಿನಿಂದ ಮೊಲದ ಕಣ್ಣು ಮುಚ್ಚಿ, ಕೆಳಗೆ ಕೈ ಕೊಟ್ಟು ಎತ್ತಿದಾಗ ಅದರ ಎದೆ ಅವಳ ಅಂಗೈಯಲ್ಲಿ ಡವಡವ ಹೊಡೆದುಕೊಂಡಿತು, ಆದರೆ ಒದೆಯಲಿಲ್ಲ. ಅದನ್ನು ಒಳಗಿಟ್ಟು ಗಂಡು ಮೊಲವನ್ನು ಹೊರಗೆ ಬಿಟ್ಟಳು. ಒಮ್ಮೆಗೆ ಒಂದೇ.

"ಹೋಗಲೇ, ಬಿದ್ದಿರು" ಎಂದು ಬಾಗಿಲು ಹಾಕಿ ಸ್ನಾನಕ್ಕೆ ಹೋದಳು.

ನಾಲ್ಕು ದಿನದಲ್ಲಿ ಮೊಲಗಳು ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕತೊಡಗಿದವು. ಸಂಜೆ ರಾಯರು ಬಂದು ನೋಡಿದರೆ ಗೂಡು ಸ್ವಚ್ಛ, ಮೊಲಗಳು ಕಾಲು ಚಾಚಿ ಮಲಗಿವೆ. ಹೇಗೆ ಎಂದು ಅವರು ಕೇಳಲಿಲ್ಲ. ತಮ್ಮ ಒಂದು ವಾರದ ಶಿಸ್ತು ಈಗ ಫಲ ಕೊಟ್ಟಿದೆ ಎಂದು ಅವರಿಗೆ ತಾನಾಗಿ ಹೊಳೆಯಿತು. ಆ ರಾತ್ರಿಯೇ ಮದ್ರಾಸಿಗೆ ಮೂರು ಪುಟದ ಕಾಗದ ಬರೆದು, ಗಂಗಾಬಾಯಿಯನ್ನು ಕೂಡಿಸಿಕೊಂಡು ಕನ್ನಡ ಮಾಡಿ ಹೇಳಿದರು: ತಮ್ಮ ಮೊಲಗಳು ತಮ್ಮ ವಿಧೇಯ ಸೇವಕನ ಕೈಗೆ ಸಂಪೂರ್ಣವಾಗಿ ಪಳಗಿವೆ. ಪಳಗಿದ ಮೊಲದ ಮುಂದೆ ಎರಡು ಮಾರು ದೂರದಲ್ಲಿ ನಿಂತೇ ಅವರು ನಮಸ್ಕಾರ ಮಾಡಿ ಬರುತ್ತಿದ್ದರು. ಗಂಗಾಬಾಯಿ ಆಕಳಿಸಿದಳು. ಹದಿನೈದು ದಿನದ ಮೇಲೆ ಬಂದ ಉತ್ತರದಲ್ಲಿ ಎರಡು ಸಾಲಿತ್ತು. ಬಂಗಲೆಗೆ ಸುಣ್ಣ ಹೊಡೆಸಿಡಬೇಕು ಎಂಬುದೇ ಆ ಎರಡು ಸಾಲು. ಮೊಲದ ಸುದ್ದಿಯೇ ಇರಲಿಲ್ಲ. ರಾಯರು ಅದನ್ನು ಮೂರು ಸಲ ಓದಿ, ತಮ್ಮ ಮೇಲೆ ಪೂರಾ ನಂಬಿಕೆ ಇರುವುದಕ್ಕೇ ಕೇಳಿಲ್ಲ ಎಂದರು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಹೆಣ್ಣು ಮೊಲ ಮತ್ತೆ ಮೊದಲಿನಂತಾಯಿತು. ಗಂಗಾಬಾಯಿ ಹತ್ತಿರ ಹೋದರೂ ಗುರುಗುಟ್ಟಿತು. ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಮೂಲೆಗೆ ಒಯ್ಯತೊಡಗಿತು. ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಹುಲ್ಲಿನ ಮೇಲೆ ಹಾಸಿತು. ಗಂಗಾಬಾಯಿಗೆ ಅರ್ಥವಾಗಲು ಎರಡು ಗಳಿಗೆ ಬೇಕಾಗಲಿಲ್ಲ. ಆ ಮೊದಲ ವಾರ ಗೂಡು ತೊಳೆಯಲು ರಾಯರು ದಿನಾಲು ಎರಡನ್ನೂ ಒಂದೇ ಕಡೆ ಕೂಡಿಹಾಕಿದ್ದರಲ್ಲ, ಅದರ ಫಲ ಇದು.

ರಾಯರಿಗೆ ಅದು ಕಂಡದ್ದು ಬೇರೆ ತರಹ. ಸಾಹೇಬರ ಮೊಲದ ಕೂದಲು ಉದುರುತ್ತಿದೆ, ಹುಳುಕಡ್ಡಿ ಇರಬೇಕು ಎಂದು ದನದ ಡಾಕ್ಟರ ಹತ್ತಿರ ಓಡಿ ಗಂಧಕದ ಮುಲಾಮು ತಂದರು.

"ರೋಗ ಅಲ್ಲರೀ, ಗಬ್ಬ ಆಗ್ಯದ. ಮರಿ ಹಾಕ್ತದ. ಇನ್ನ ಹದಿನೈದು ದಿನ ಅದರ ತಂಟೆಗೆ ಹೋಗಬ್ಯಾಡ್ರಿ" ಎಂದಳು ಗಂಗಾಬಾಯಿ.

ರಾಯರ ಮುಖ ಬಿಳಿಚಿಕೊಂಡಿತು. ಸಾಹೇಬರು ಕೊಟ್ಟದ್ದು ಎರಡು. ಬೇರೆ ಬೇರೆ ಇಡಬೇಕೆಂದು ಹೇಳಿ ಕೊಟ್ಟದ್ದು. ಈಗ ಹಿಂದಿರುಗಿಸುವಾಗ ಏಳೋ ಎಂಟೋ ಆಗಿದ್ದರೆ ಏನು ಹೇಳುವುದು? ಅಂದಿನಿಂದ ಅವರಿಗೆ ನಿದ್ದೆ ಸರಿಬೀಳಲಿಲ್ಲ. ಗುರುವಾರ ಬೆಳಿಗ್ಗೆ ತುಪ್ಪಳದ ಗುಪ್ಪೆ ಮಿಸುಕಾಡುವುದನ್ನು ಕಂಡು ಗಂಗಾಬಾಯಿ ಹೇಳಿದಾಗ ಅವರು ಹಣೆ ಹಿಡಿದುಕೊಂಡು ಕೂತರು. ಸೋಮವಾರ ಸಾಹೇಬರು ಬರುವವರಿದ್ದರು. ಗೂಡಿನ ತುಂಬ ಕೂದಲು, ಹಳೆ ಹುಲ್ಲು, ನಾಲ್ಕು ದಿನದ ಹಿಕ್ಕೆ.

ಶನಿವಾರ ಗಂಗಾಬಾಯಿಗೆ ಹಂಪಿಯಲ್ಲಿ ಯಂತ್ರೋದ್ಧಾರಕ ಹನುಮಪ್ಪನ ಸೇವೆಯಿತ್ತು. ನಸುಕಿನಲ್ಲಿ ಜಟಕಾ ಹತ್ತುವ ಮುಂಚೆ ಮೂರು ಸಲ ಹೇಳಿದಳು, ಗೂಡಿಗೆ ಕೈ ಹಾಕಬೇಡಿ, ಬಾಗಿಲಲ್ಲಿ ಹುಲ್ಲು ಇಟ್ಟು ಬನ್ನಿ, ಸಾಕು ಎಂದು. ರಾಯರು ಮೂರು ಸಲವೂ ತಲೆಯಾಡಿಸಿದರು. ತಲೆಯಾಡಿಸುವುದು ಅವರಿಗೆ ಇಪ್ಪತ್ತೈದು ವರ್ಷದ ನೌಕರಿಯ ರೂಢಿ.

ಸಂಜೆ ಅವಳು ಓಣಿಗೆ ಕಾಲಿಡುತ್ತಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಹೋಗಿ ನೋಡಿದರೆ ಗೂಡು ಮದುವೆಗೆ ಬೆಳಗಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ತಳಕ್ಕೆ ಇಂಗ್ಲಿಷ್ ಪೇಪರು ಹಾಸಿತ್ತು. ಗಂಡು ಮೊಲ ಮೂಲೆಯಲ್ಲಿ ಮುದುಡಿ ಕೂತಿತ್ತು. ಹೆಣ್ಣು ಹೊರಗೆ ಗೋಣಿಚೀಲದ ಮೇಲಿತ್ತು. ಅವಳನ್ನು ಕಂಡು ಮುಂಗಾಲಿನಲ್ಲಿ ಸರಿಯಲು ನೋಡಿತು. ಹಿಂಗಾಲೆರಡೂ ಒದ್ದೆ ಬಟ್ಟೆಯಂತೆ ಹಿಂದೆ ಎಳೆದು ಬಂದವು.

ರಾಯರು ಕಂಬಕ್ಕೊರಗಿ ಕೂತಿದ್ದರು, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು. ಹೇಳಬೇಕಾದ್ದನ್ನು ತುಂಡು ತುಂಡಾಗಿ ಹೇಳಿದರು. ಬಾಗಿಲು ತೆಗೆದದ್ದೇ ಅದು ಮೇಲೆ ಹಾರಿ ಕಚ್ಚಿತಂತೆ. ಕಿವಿ ಹಿಡಿದು ಮೇಲೆತ್ತಿ, ಒಂದು ಕೈಯಲ್ಲಿ ತೂಗಾಡಿಸಿಕೊಂಡೇ ಇನ್ನೊಂದು ಕೈಯಲ್ಲಿ ಹುಲ್ಲು, ಕೂದಲು ಎಲ್ಲ ಬಳಿದು ಪುಟ್ಟಿಗೆ ಹಾಕಿದರಂತೆ. ಅದು ಒದೆಯಿತಂತೆ, ತಿರುಚಿತಂತೆ, ಲಟಕ್ ಎಂದಿತಂತೆ. ಪುಟ್ಟಿಯನ್ನು ತಿಪ್ಪೆಗೆ ಸುರಿದು ಬಂದರು. ಮರಿ ಇದ್ದದ್ದು ನೋಡಲಿಲ್ಲವೆಂದರು. ಗಂಗಾಬಾಯಿ ಅವರ ಮುಖವನ್ನೇ ನೋಡುತ್ತಿದ್ದಾಗ, ನೋಡಿದೆ, ಆದರೆ ಸತ್ತಿವೆ ಎಂದುಕೊಂಡೆ ಎಂದರು.

ಅವಳು ಹಂಪಿಯ ಪ್ರಸಾದದ ಗಂಟನ್ನು ಕಟ್ಟೆಯ ಮೇಲಿಟ್ಟು, ಉಟ್ಟ ಮಡಿಸೀರೆಯಲ್ಲೇ ತಿಪ್ಪೆಗೆ ಹೋಗಿ ಕೈಯಿಂದ ಕೆದಕಿದಳು. ಐದು ಸಿಕ್ಕವು, ಹೆಬ್ಬೆರಳಿನಷ್ಟು, ಕೂದಲಿಲ್ಲದ, ಇನ್ನೂ ಕಣ್ಣು ಬಿಡದ ಜೀವಗಳು. ಎರಡು ಸತ್ತಿದ್ದವು. ಮೂರನ್ನು ಹೂಬತ್ತಿಯ ಅರಳೆಯಲ್ಲಿ ಸುತ್ತಿ, ಒಲೆಯ ಬೆಚ್ಚನೆಯ ಬೂದಿಯ ಪಕ್ಕ ಇಟ್ಟಳು. ಅವು ಮಿಸುಕಿದ ಮೇಲೆ ಹೆಣ್ಣು ಮೊಲವನ್ನು ತೊಡೆಯ ಮೇಲೆ ಹಾಕಿಕೊಂಡು, ಜೋಲುವ ಹಿಂಭಾಗಕ್ಕೆ ಕೈ ಕೊಟ್ಟು, ಮರಿಗಳನ್ನು ಒಂದೊಂದಾಗಿ ಮೊಲೆಗೆ ಹಿಡಿದಳು. ಅದು ಗುರ್ರೆನ್ನಲಿಲ್ಲ. ಒಂದು ಮರಿ ಬೆಳಗಿನ ಹೊತ್ತಿಗೆ ಸತ್ತಿತು. ಎರಡು ಹೀರಿದವು. ಅಂದಿನಿಂದ ಹೊತ್ತಾರೆ ಒಮ್ಮೆ, ಸಂಜೆ ಒಮ್ಮೆ ಇದು ಅವಳ ಕೆಲಸವಾಯಿತು. ಮಡಿ, ಮೈಲಿಗೆ ಎಂದು ರಾಯರು ಏನೋ ಅನ್ನಲು ಬಂದರು. ಅವಳು ತಿರುಗಿ ನೋಡಿದ ರೀತಿಗೆ ಬಂದ ಹಾಗೇ ಹೊರಗೆ ಹೋದರು.

ಸೋಮವಾರ ರಾಯರು ಸ್ಟೇಷನ್ನಿಗೆ ಹೂವಿನ ಹಾರ ಹಿಡಿದುಕೊಂಡು ಹೋದರು. ಮಧ್ಯಾಹ್ನ ಬಂದವರ ಮುಖದಲ್ಲಿ ಗೆಲುವಿತ್ತು. ಎಲ್ಲಾ ಸರಿಹೋಯಿತು ಎಂದಷ್ಟೇ ಹೇಳಿ ಊಟಕ್ಕೆ ಕೂತರು. ಹೇಗೆ ಸರಿಹೋಯಿತೆಂಬುದು ಗಂಗಾಬಾಯಿಗೆ ಗೊತ್ತಾದದ್ದು ಮರುದಿನ, ಕೊಟ್ರಯ್ಯನಿಂದ. ಮನೆಯಲ್ಲಿ ಯಾರೂ ಇಲ್ಲದಾಗ ಹುಲ್ಲಿನ ನಿಂಗಕ್ಕ ಗೂಡಿಗೆ ಕೈ ಹಾಕಿ ಮೊಲದ ಬೆನ್ನು ಮುರಿದಳೆಂದು ರಾಯರು ಸಾಹೇಬರಿಗೆ ಅರಿಕೆ ಮಾಡಿದ್ದರು. ಬಂಗಲೆಗೆ ಎಂದಿನಂತೆ ಹುಲ್ಲು ತಂದ ನಿಂಗಕ್ಕನನ್ನು ಸಾಹೇಬರ ಆಳುಗಳು ಗೇಟಿನಲ್ಲೇ ತಡೆದು, ಹೊರೆಯನ್ನು ರಸ್ತೆಗೆ ಚೆಲ್ಲಿ, ಇನ್ನು ಈ ಕಡೆ ಬರಬೇಡ ಎಂದು ಅಟ್ಟಿದರಂತೆ. ಅವಳು ಚೆಲ್ಲಿದ ಹುಲ್ಲನ್ನು ಒಂದೆಸಳೂ ಬಿಡದೆ ಆರಿಸಿಕೊಂಡು ಹೋದಳಂತೆ.

ಗಂಗಾಬಾಯಿ ಗಂಡ ಬರುವವರೆಗೆ ಬಾಗಿಲಲ್ಲೇ ಕೂತಿದ್ದಳು.

"ನಿಂಗಕ್ಕನ ಹೆಸರು ಹೇಳಿದ್ರಂತ?"

ರಾಯರು ಕೋಟು ಬಿಚ್ಚುತ್ತ, "ಅಕಿ ಕಳಕೊಳ್ಳೋದು ಏನದ? ಹುಲ್ಲು ಮಾರೋಳು, ಈ ಮನಿ ಬಿಟ್ರ ಇನ್ನೊಂದು ಮನಿ. ನನ್ನ ಮಾತು ಹಂಗೇನು?" ಎಂದರು.

"ನಿಮ್ಮ ಹತ್ರ ಕಳಕೊಳ್ಳಲಿಕ್ಕೆ ಏನದರೀ?" ಎಂದಳು ಗಂಗಾಬಾಯಿ. ದನಿ ಏರಿಸಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು.

ಮರುದಿನ ಮಧ್ಯಾಹ್ನ ರಾಯರು ಕಚೇರಿಯಲ್ಲಿರುವಾಗ ಅವಳು ಬಂಗಲೆಗೆ ನಡೆದುಹೋದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಮಾಡಿದ ಸಂಡಿಗೆ, ಉಪ್ಪಿನಕಾಯಿ ಆ ಮೆಟ್ಟಿಲು ಹತ್ತಿದ್ದವೇ ಹೊರತು ಅವಳು ಹತ್ತಿರಲಿಲ್ಲ. ಅಮ್ಮಾಳು ತೂಗುಮಣೆಯ ಮೇಲೆ ಕೂತು ಮದ್ರಾಸಿನಿಂದ ತಂದ ಸೀರೆಗಳನ್ನು ಮಡಚುತ್ತಿದ್ದರು. ಕುಂದ್ರು ಎಂದು ಹೇಳಲಿಲ್ಲ. ಗಂಗಾಬಾಯಿ ತಾನೇ ಚಾಪೆ ಎಳೆದುಕೊಂಡು ಕೂತಳು. ತಾನು ಯಾರೆಂದು ಹೇಳಿ, ಮೊಲದ ಬೆನ್ನು ಮುರಿದದ್ದು ತನ್ನ ಗಂಡ, ಮರಿಗಳನ್ನು ತಿಪ್ಪೆಗೆ ಹಾಕಿದ್ದೂ ಅವರೇ, ನಿಂಗಕ್ಕ ಆ ಗೂಡನ್ನು ಒಂದು ದಿನವೂ ಮುಟ್ಟಿಲ್ಲ ಎಂದು ಒಂದೊಂದಾಗಿ ಹೇಳಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳು.

ಅಮ್ಮಾಳು ಮೂರು ವರ್ಷದಲ್ಲಿ ಕಲಿತ ಅರೆಬರೆ ಕನ್ನಡದಲ್ಲಿ ಕೇಳಿದರು: "ಅದು ಮೊಲವಾ? ಇನ್ನೂ ನಿಮ್ಮ ಮನೆಯಲ್ಲೇ ಇದೆಯಾ?"

ಅವರು ಆ ಮೊಲಗಳನ್ನು ಎಂದೋ ಮರೆತುಬಿಟ್ಟಿದ್ದರು. ಯಾರೋ ಸಂಬಂಧಿಕರ ಹುಡುಗ ತಂದು ಬಿಟ್ಟುಹೋದದ್ದಂತೆ, ನಾರುತ್ತಿದ್ದವಂತೆ. ಹೆಡ್ ಗುಮಾಸ್ತ ತಾನಾಗಿ ಬಂದು ಕೇಳಿದಾಗ, ತೊಲಗಿದವಲ್ಲ ಎಂದು ಸಂತೋಷವಾಯಿತಂತೆ. ಉಳಿದದ್ದನ್ನೂ ನೀವೇ ಇಟ್ಟುಕೊಳ್ಳಿ ಎಂದರು. ಹಾಗಾದರೆ ನಿಂಗಕ್ಕ? ಅಮ್ಮಾಳು ಸೀರೆಯ ಅಂಚು ಸರಿಮಾಡುತ್ತ, ಬೇರೆಯವಳನ್ನು ಗೊತ್ತುಮಾಡಿ ಆಯಿತು, ಅವಳ ಹುಲ್ಲು ಹೇಗೂ ಒದ್ದೆ ಇರುತ್ತಿತ್ತು ಎಂದರು.

ಗಂಗಾಬಾಯಿ ಎದ್ದು ಬಂದಳು. ತನ್ನ ತಾತ್ಸಾರವೆಲ್ಲ ಒಬ್ಬ ಗಂಡನಿಗೇ ಖರ್ಚಾಗಿ ಹೋಗಿದೆಯೆಂದು ಅವಳು ತಿಳಿದಿದ್ದಳು. ಹಾಗಿರಲಿಲ್ಲ, ಇನ್ನೂ ಬೇಕಾದಷ್ಟು ಉಳಿದಿತ್ತು.

ಸಂಜೆ ಸುದ್ದಿ ಕೇಳಿದ ರಾಯರು ಮೊದಲು ನಡುಗಿದರು. ಅಮ್ಮಾಳು ಸಿಟ್ಟಾಗಲಿಲ್ಲ ಎಂದು ತಿಳಿದ ಮೇಲೆ ನಡುಕ ನಿಂತಿತು. ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಿ ಬಂದು, ಪಕ್ಕದಲ್ಲಿ ಕೂತು, "ಒಳಗ ಕರದು ಮಾತಾಡಿಸಿದ್ರಲ್ಲ? ಕಾಫಿ ಕೊಟ್ರೇನು?" ಎಂದು ಕೇಳಿದರು. ಗಂಗಾಬಾಯಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರಾಯರೂ ಹೆಂಡತಿಗೆ ಸಮಾಧಾನವಾಯಿತೆಂದು ತಿಳಿದು ಜೊತೆಗೆ ಸ್ವಲ್ಪ ನಕ್ಕರು.

ನಿಂಗಕ್ಕ ಮತ್ತೆ ಅವರ ಹಿತ್ತಲಿಗೆ ಬರಲಿಲ್ಲ. ಮೂರು ದಿನ ಕಾದು ಗಂಗಾಬಾಯಿ ಅವಳ ಗುಡಿಸಲನ್ನು ಹುಡುಕಿಕೊಂಡು ಕಾಲುವೆಯ ಕಡೆ ಹೋದಳು. ನಿಂಗಕ್ಕ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದಳು. ನೋಡಿದಳು, ಮಸೆಯುವುದನ್ನು ನಿಲ್ಲಿಸಲಿಲ್ಲ. ತಾನು ಬಂಗಲೆಗೆ ಹೋಗಿ ನಿಜ ಹೇಳಿ ಬಂದೆನೆಂದು ಗಂಗಾಬಾಯಿ ತಿಳಿಸಿದಳು. ಸ್ವಲ್ಪ ಹೆಮ್ಮೆಯಿಂದಲೇ ತಿಳಿಸಿದಳು.

"ಗೊತ್ತಾತು ಬಿಡ್ರಿ. ಕೊಟ್ರಯ್ಯ ಅಂದ" ಎಂದಳು ನಿಂಗಕ್ಕ. ಕುಡುಗೋಲನ್ನು ಬೆಳಕಿಗೆ ಹಿಡಿದು ಅಲಗು ನೋಡಿದಳು. "ಬಾಯಾರ, ನಾ ತಂದ ಹುಲ್ಲಿಗೂ ನೀರು ಹೊಡದು ಒಳಗ ತಗೊಂತಿದ್ರಿ. ಒಂದ ದಿನ ನಿಮ್ಮ ಬಾಗ್ಲ ಒಳಗ ಕಾಲಿಟ್ಟಾಕಿ ಅಲ್ಲ ನಾನು. ಮೊಲದ ಬೆನ್ನು ಮುರದಾಗ ಮಾತ್ರ ನನ್ನ ಕೈ ಅಲ್ಲಿತನಕ ಮುಟ್ಟಿತು, ಅಲ್ಲೇನ್ರಿ?"

ಗಂಗಾಬಾಯಿ, ನಿನ್ನ ಹೆಸರು ಹೇಳಿದ್ದು ನಾನಲ್ಲ ಎನ್ನಬಹುದಿತ್ತು. ಆದರೆ ನೀರು ಹೊಡೆದದ್ದು ತಾನೇ. ನಿಂಗಕ್ಕನ ಮುಖದಲ್ಲಿದ್ದದ್ದು ಸಿಟ್ಟಲ್ಲ, ದುಃಖವಲ್ಲ. ಗಂಗಾಬಾಯಿಗೆ ಅದರ ಗುರುತು ಚೆನ್ನಾಗಿತ್ತು, ಏಕೆಂದರೆ ದಿನಾಲು ಊಟ ಬಡಿಸುವಾಗ ತನ್ನ ಮುಖದಲ್ಲಿ ಅದನ್ನೇ ಹೊತ್ತು ಗಂಡನ ಎದುರು ನಿಲ್ಲುತ್ತಿದ್ದಳು. ಬೇರೆಯವರು ತನ್ನನ್ನು ಹಾಗೆ ನೋಡಿದ್ದು ಇದೇ ಮೊದಲು.

"ಹುಲ್ಲಿಗೆ ಬೇರೆ ಯಾರನ್ನರ ನೋಡ್ಕೋರಿ" ಎಂದು ನಿಂಗಕ್ಕ ಮತ್ತೆ ಕಲ್ಲಿಗೆ ಬಗ್ಗಿದಳು.

ಹೆಣ್ಣು ಮೊಲ ಬೆನ್ನು ಮುರಿದ ಹದಿಮೂರನೆಯ ದಿನ ಸತ್ತಿತು. ಅಷ್ಟರಲ್ಲಿ ಎರಡು ಮರಿಗಳಿಗೂ ತುಪ್ಪಳ ಬಂದು ಕಣ್ಣು ಬಿಟ್ಟಿದ್ದವು. ಗಂಗಾಬಾಯಿ ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸುತ್ತ ಇನ್ನೊಂದು ವಾರ ದಾಟಿಸಿದಳು. ಆಮೇಲೆ ಅವೇ ಗರಿಕೆಯ ತುದಿ ಕಡಿಯಲು ಕಲಿತವು. ರಾಯರು ಗೂಡಿನ ಹತ್ತಿರ ಹೋಗುವುದನ್ನು ಬಿಟ್ಟರು. ಮೊಲಗಳು ಈಗ ಸಾಹೇಬರವಲ್ಲವಾದ್ದರಿಂದ ಅವರಿಗೆ ಅವುಗಳಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಎರಡು ವರ್ಷದ ಮೇಲೆ, ಮೇಲಿನವರಿಬ್ಬರು ಪಿಂಚಣಿಗೆ ಹೋದದ್ದರಿಂದ, ಅವರಿಗೆ ಮ್ಯಾನೇಜರ್ ಹುದ್ದೆ ತಾನಾಗಿ ಬಂತು. ಮೊಲದ ಸೇವೆ ಸಾಹೇಬರ ಮನಸ್ಸಿನಲ್ಲಿ ಉಳಿದಿತ್ತು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಹುಲ್ಲಿಗೆ ಗಂಗಾಬಾಯಿ ಬೇರೆ ಯಾರನ್ನೂ ನೋಡಲಿಲ್ಲ. ಒಂದು ಕುಡುಗೋಲು ಕೊಂಡು, ದಿನಾಲು ತಾನೇ ಕಾಲುವೆ ದಂಡೆಗೆ ಹೋಗಿ ಗರಿಕೆ ಕೊಯ್ದು ಪುಟ್ಟಿಯಲ್ಲಿ ತರತೊಡಗಿದಳು. ಮೊದಲ ದಿನ ಬೆರಳು ಕೊಯ್ದುಕೊಂಡಳು. ದಂಡೆಯ ಆಚೆ ಬದಿಯಲ್ಲಿ ಕೊಯ್ಯುತ್ತಿದ್ದ ನಿಂಗಕ್ಕ ನೋಡಿದಳು, ಮತ್ತೆ ತನ್ನ ಹುಲ್ಲಿಗೆ ಬಗ್ಗಿದಳು. ಹೆಡ್ ಗುಮಾಸ್ತರ ಹೆಂಡತಿ ಹುಲ್ಲು ಹೊರುತ್ತಾಳೆಂದು ಊರೆಲ್ಲ ಆಡಿಕೊಳ್ಳುತ್ತಿದೆ, ಹೋಗುವುದಾದರೆ ಮಂದಿ ಏಳುವ ಮುಂಚೆಯಾದರೂ ಹೋಗಿ ಬಾ ಎಂದು ರಾಯರು ಕೈಮುಗಿದು ಕೇಳಿಕೊಂಡರು. ಗಂಗಾಬಾಯಿ ಆಗಲಿ ಎಂದಳು. ಮರುದಿನ ಹತ್ತು ಗಂಟೆಗೆ, ಕಚೇರಿಯವರೆಲ್ಲ ರುಮಾಲು ಸುತ್ತಿಕೊಂಡು ಆ ದಾರಿಯಲ್ಲಿ ಹೊರಟ ಹೊತ್ತಿಗೆ ಸರಿಯಾಗಿ, ಪುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಡುಬೀದಿಯಲ್ಲಿ ನಡೆದು ಬಂದಳು.